ಬೀಳ್ಕೊಡುವ ಪಾಠ

"ಕೈ ಅಲ್ಲ ಕಣೇ ದಡ್ಡಿ, ಕಾಲು! ಕೈ ಹಿಡಿದ್ರೆ ಬಿಡಿಸ್ಕೊಂಡು ಹೋಗ್ತಾರೆ. ಕಾಲು ತಬ್ಕೊಂಡ್ರೆ ಅವರೂ ಕೂತು ಅಳ್ತಾರೆ." ಒಳಗಿನಿಂದ ಪಬಿತ್ರಾಳ ದನಿ ಕೇಳಿ ಮರೀಕೆ ಬಾಗಿಲಲ್ಲೇ ನಿಂತುಬಿಟ್ಟಳು. ನೇಪಾಳದ ಪಾಟನ್ನಿನ ಆ ಅನಾಥಾಲಯದಲ್ಲಿ ಮಕ್ಕಳ ಸೇವೆ ಮುಗಿಸಿ ಹಾಲೆಂಡಿಗೆ ಹೊರಟವಳು, ಮರೆತ ಕನ್ನಡಕಕ್ಕೆಂದು ಅರ್ಧ ದಾರಿಯಿಂದ ಟ್ಯಾಕ್ಸಿ ತಿರುಗಿಸಿಕೊಂಡು ಬಂದಿದ್ದಳು. ಮಕ್ಕಳು ಹಣೆಗೆ ಒತ್ತಿದ್ದ ಮೊಸರಕ್ಕಿಯ ಟಿಕಾ ಇನ್ನೂ ಒಣಗಿರಲಿಲ್ಲ. 'ಹೋಗ್ಬೇಡಿ ಮಿಸ್' ಎಂದು ಕಾಲು ತಬ್ಬಿಕೊಂಡು ಬಿಕ್ಕಿದ್ದ ಪಬಿತ್ರಾಳ ಕಣ್ಣೀರಿಗೆ ಪ್ಯಾಂಟಿನ ಮೊಣಕಾಲು ಇನ್ನೂ ಒದ್ದೆಯಾಗಿತ್ತು.

ಅದೇ ಪಬಿತ್ರಾ ಈಗ, ನಿನ್ನೆಯಷ್ಟೇ ಬಂದ ಪುಟ್ಟ ಬಿಪನಾಳ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಬಿಪನಾ ಕಂಬ ತಬ್ಬಿಕೊಂಡು ಅಭ್ಯಾಸ ಮಾಡುತ್ತಿದ್ದಳು.

"ಅಳು ಬರ್ತಿಲ್ಲ ದೀದಿ."

"ಬರ್ಲೇಬೇಕು. ಚೆನ್ನಾಗಿ ಅತ್ರೆ ಮಾತ್ರ ಆಶ್ರಮದ ದೊಡ್ಡ ಸರ್ ಸಂಜೆ ಮೊಮೊ ತರಿಸ್ತಾರೆ. ನಿಮ್ಮಮ್ಮ ನಿನ್ನ ಇಲ್ಲಿ ಬಿಟ್ಟು ಬಸ್ ಹತ್ತಿದ್ಲಲ್ಲ, ಅದನ್ನ ನೆನೆಸ್ಕೋ. ನಾನು ಹಂಗೇ ಮಾಡೋದು."

ಈ ಮಕ್ಕಳೇ ಕಲಿಸಿದ ನೇಪಾಳಿ ಅದು. ಒಂದು ಮಾತೂ ತಪ್ಪದೆ ಮರೀಕೆಗೆ ಅರ್ಥವಾಯಿತು. ಬಿಪನಾಳ ತುಟಿ ಅದುರಿತು; ಕಂಬದ ಬುಡಕ್ಕೆ ಜಾರಿ ಕೂತು ಹೋ ಎಂದು ಅತ್ತಳು. "ಹಾಂ, ಇದೀಗ ಸರಿ!" ಎಂದು ನಗುತ್ತಾ ತಿರುಗಿದ ಪಬಿತ್ರಾಗೆ ಬಾಗಿಲಲ್ಲಿ ಮಿಸ್ ಕಂಡಳು. ಹುಡುಗಿಯ ಮುಖ ಬಿಳುಚಿಕೊಂಡಿತು. ಇಲ್ಲಿಂದ ಹೋದವರು ಇವತ್ತಿನವರೆಗೂ ಒಬ್ಬರೂ ಮರಳಿ ಬಂದಿರಲಿಲ್ಲ; ಬಂದರೆ ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.