ಪಾಠ ಕೇಳಿದ ಕುಲ

ವಯಸ್ಕರ ತರಗತಿಗೆ ಚಾಪೆ ಹಾಸುತ್ತಲೇ ಚಂದ್ರಕಲಾ ಅಂತರ್ಜಾಲದಲ್ಲಿ ಪಾಠ ಹುಡುಕುತ್ತಿದ್ದಳು. ಪಾಠಗಳು ಎಂದಿನಂತೆ, ತೆರೆದವರು ಯಾರೆಂದು ವಿಚಾರಿಸಿಯೇ ಒಳಗೆ ಬಿಡುತ್ತಿದ್ದವು. ಮಡಕೆಯ ಪಾಠ ಯಾವ ಊರೆಂದು ಕೇಳಿತು, ನೇಯ್ಗೆಯದು ಯಾವ ಮನೆತನವೆಂದು ಕೇಳಿತು. 'ಹೊರಗಿನವಳು' ಎಂದರೂ ಬೇಸರವಿಲ್ಲದೆ ತೆರೆದುಕೊಂಡವು. ಸುಳ್ಳು ಹೇಳಿದರೆ ಮಾತ್ರ ಆ ದಿನಕ್ಕೆ ಮುಚ್ಚಿಕೊಳ್ಳುತ್ತಿದ್ದವು.

ಎಲ್ಲರೂ ಬಂದು ಕೂರುವ ಹೊತ್ತಿಗೆ ಕಾಡಿನ ಸೋಲಿಗರ ನುಡಿಯಲ್ಲಿ ಅಕ್ಷರ ಕಲಿಸುವ ಪಾಠ ಸಿಕ್ಕಿತು. ಬೆಟ್ಟದ ಮೇಲಿನ ಸೋಲಿಗರ ಹಟ್ಟಿಯಾದ ಪೋಡಿನಿಂದ ನಡೆದು ಬರುವ ಕೇತಮ್ಮ ಅದಕ್ಕಾಗಿಯೇ ಕಾದಿದ್ದಳು.

"ಯಾವ ಕುಲ್ದೋಳವ್ವಾ ನೀನು?" ಪರದೆಯಿಂದ ಮುದುಕಿಯೊಬ್ಬಳ ದನಿ ಕೇಳಿತು.

ತಾನೂ ಪೋಡಿನಲ್ಲೇ ಹುಟ್ಟಿದ ಸೋಲಿಗರವಳೆಂದು ಚಂದ್ರಕಲಾ ಈ ಊರಲ್ಲಿ ಯಾರಿಗೂ ಹೇಳಿರಲಿಲ್ಲ.

"ಹೊರಗಿನವಳು," ಎಂದಳು.

ಪರದೆ ಕಪ್ಪಾಯಿತು.

"ಏನ್ ಟೀಚರಮ್ಮ, ನೀವೂ ಸುಳ್ಳೇಳ್ತೀರಾ?" ಹಿಂದೆ ಕೂತಿದ್ದ ನಿಂಗರಾಜ ನಕ್ಕ. ಉಳಿದವರೂ ನಕ್ಕರು.

"ಸುಮ್ಕಿರ್ಲಾ, ಕರೆಂಟು ಓಗ್ಬುಟ್ಟದ," ಎಂದಳು ಕೇತಮ್ಮ. ಅವಳ ತಲೆಯ ಮೇಲೆ ಫ್ಯಾನು ತಿರುಗುತ್ತಲೇ ಇತ್ತು.

ಚಂದ್ರಕಲಾಳಿಗೆ ಮುಖ ಎತ್ತಲಾಗಲಿಲ್ಲ. ತಾನು ಯಾರ ಪೈಕಿಯೆಂದು ಕೇತಮ್ಮನಿಗೆ ಮೊದಲಿನಿಂದಲೂ ಗೊತ್ತಿತ್ತು. ತನ್ನ ಪಾಠ ತಪ್ಪಿಸಿದವಳ ಮಾನವನ್ನು ಅವಳೇ ಕಾಯುತ್ತಿದ್ದಳು.

ಚಂದ್ರಕಲಾ ಲೆಕ್ಕದ ಪಾಠ ತೆರೆದಳು. ನಾಳೆ ಎಲ್ಲರೂ ಬಂದು ಕೂತ ಮೇಲೆಯೇ ಅಕ್ಷರದ ಪಾಠ ತೆರೆಯಬೇಕು, ಅಪ್ಪನ ಕುಲದ ಹೆಸರನ್ನು ಹಿಂದಿನ ಸಾಲಿಗೂ ಕೇಳುವಂತೆ ಹೇಳಬೇಕು ಎಂದುಕೊಂಡಳು. ಕೇತಮ್ಮನಿಗೂ ಅದನ್ನು ತಿಳಿಸಲಿಲ್ಲ.