ಕನಸಿನ ನವಣೆ ಗಂಜಿ

ಹತ್ತಿರ ಮಲಗಿದವರ ಕನಸೆಲ್ಲ ಪಕ್ಕದವರಿಗೂ ಬೀಳುವುದು ಆ ಲೋಕದಲ್ಲಿ ಹೊಸತೇನಲ್ಲ. ಅದಕ್ಕೇ ಚೀನೀ ಪಡೆಯವರು ಜಪಾನೀಯರ ಕೋಟೆಗೋಡೆಯ ಬುಡದ ಕಂದಕದಲ್ಲಿ ರೈತಹೆಂಗಸು ಯುಲಾನಳನ್ನು ಮಲಗಿಸುತ್ತಿದ್ದರು.

ಬೆಳಗ್ಗೆ ಕ್ಯಾಪ್ಟನ್ ಗುವೊ ಬಿಸಿನೀರು ಹಿಡಿದು ಬಂದ. "ಗೋಡೆಯಾಚೆಯ ನಮ್ಮ ನೆಂಟರು ಏನು ಕನಸು ಕಂಡ್ರು, ದೊಡ್ಡಮ್ಮ?"

"ಬರೀ ಅನ್ನ ಕಣಪ್ಪ. ಹಬೆಯಾಡ್ತಿತ್ತು, ಯಾರ ಬಾಯಿಗೂ ಬರ್ಲಿಲ್ಲ."

"ಹಸಿದಿದಾರೆ! ಇವತ್ತೇ ಏರಿಹೋಗೋಣ. ಮೊದಲು ಫಿರಂಗಿಯಿಂದ ಕೋಟೆ ಪುಡಿಮಾಡ್ತೀವಿ."

"ತಡಿ. ಅಷ್ಟು ಅನ್ನದ ನಡುವೆ ಒಬ್ಬನ ಕನಸಲ್ಲಿ ನವಣೆ ಗಂಜಿ ಇತ್ತು, ತಳ ಹತ್ತಿದ್ದು. ಹಾಗೆ ತಳ ಹತ್ತಿಸೋಳು ಈ ಸೀಮೇಲಿ ನಾನೊಬ್ಬಳೇ."

ಗುವೊ ನಕ್ಕವನು ಥಟ್ಟನೆ ಕೋಟೆಯತ್ತ ತಿರುಗಿದ. ಅವಳ ಮಗ ತಿಯೆಜು ಹೋದ ಚಳಿಗಾಲದಲ್ಲಿ ಜಪಾನೀಯರಿಗೆ ಸೆರೆಸಿಕ್ಕಿದ್ದ.

"ಯಾವ ಮೂಲೇಲಿ ಇದಾನೆ?"

"ಅದು ಕಾಣಲಿಲ್ಲ. ಇನ್ನೊಂದು ನಿದ್ದೆ ಮಾಡಿದ್ರೆ ಕನಸಲ್ಲೇ ಅವನ್ನ ಕೇಳಬಹುದು. ಸೆರೆಯಲ್ಲಿರೋರಿಗೆ ಹಗಲೂ ನಿದ್ದೇನೇ."

"ಮಧ್ಯಾಹ್ನದವರೆಗೆ ಫಿರಂಗಿ ತಡೀತೀನಿ. ಆಮೇಲೆ ನನ್ನ ಕೈಲಾಗಲ್ಲ."

ಯುಲಾನ್ ಕಂಬಳಿ ಹೊದ್ದಳು. ಮಗ್ಗುಲು ಬದಲಿಸಿದಳು. ಎಷ್ಟು ಬಿಗಿದು ಮುಚ್ಚಿದರೂ ಕಣ್ಣು ಹತ್ತಲೊಲ್ಲದು.

ಗುವೊ ಕೈಸನ್ನೆ ಮಾಡಿದ. ಏರಿಹೋಗಲು ನಿಂತಿದ್ದ ಪಡೆಯೆಲ್ಲ ಬೂಟು ಸದ್ದಾಗದಂತೆ ಕೂತುಕೊಂಡಿತು. ಅವನು ಬಂದೂಕು ಪಕ್ಕಕ್ಕಿಟ್ಟು, ಅವಳ ತಲೆಯ ಬಳಿ ಕುಳಿತು, ಒಡಕು ದನಿಯಲ್ಲಿ ಜೋಗುಳ ಎತ್ತಿಕೊಂಡ.