ಇನೆಸ್ ಕಲಿತ ರೊಟ್ಟಿ

ಬೆಳಿಗ್ಗೆಯಷ್ಟೇ ತನ್ನ ಮೈಗೆ ಮರಳಿದ್ದ ಸುವರ್ಣಾ ರೊಟ್ಟಿ ಹಲಗೆಯ ಮುಂದೆ ಕೂತಳು. ವಿದೇಶದ ಓದಿಗೆ ಈಗ ಯಾರೂ ವಿಮಾನ ಹತ್ತುವುದಿಲ್ಲ; ಮೈ ಅದಲುಬದಲು ಮಾಡಿಕೊಳ್ಳುತ್ತಾರೆ. ವರ್ಷವಿಡೀ ಅವಳು ಪೋರ್ಚುಗಲ್ಲಿನ ಇನೆಸ್‌ಳ ಮೈಯಲ್ಲಿದ್ದು ಅಲ್ಲಿ ಓದಿದ್ದಳು; ಇನೆಸ್ ಇವಳ ಮೈಯಲ್ಲಿ ಧಾರವಾಡದ ಈ ಮನೆಯಲ್ಲಿದ್ದು ಓದಿದ್ದಳು.

ಹಿಂದೆ ಸುವರ್ಣಾಳಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಈಗ ಅವಳ ಅಂಗೈ ಕೆಳಗೆ ಜೋಳದ ಹಿಟ್ಟು ಅಂಚು ಒಡೆಯದೆ ತಿರುಗುತ್ತಾ ಅಗಲವಾಯಿತು.

"ಆಕಿ ಕಲ್ತಿದ್ದು ನಿನ್ನ ಕೈಯಾಗೂ ಉಳದದ ನೋಡವಾ," ತಾಯಿ ನೀಲವ್ವ ನಕ್ಕಳು. "ಊರಿಗೆ ಹೋಗಿ ಅವ್ವಗ ರೊಟ್ಟಿ ಮಾಡಿ ಉಣಸ್ತೀನಿ ಅಂತಿದ್ಲು. ಹಿಟ್ಟು ಪಾರ್ಸಲ್ ಕಳಸೀನಿ."

ಸುವರ್ಣಾಳ ಕೈ ನಿಂತಿತು.

"ಅವ್ವಾ, ಆಕಿ ತಾಯಿ ದೀಪಾವಳಿ ಹೊತ್ತಿಗೇ ತೀರಿಕೊಂಡ್ರು. ಓದು ಮುಗಿಯೂತನಕ ಆಕಿಗೆ ಹೇಳಬ್ಯಾಡ ಅಂತ ಹೋಗೂ ಮುಂಚೆ ಅವರೇ ನನ್ನ ಕಡೆ ಮಾತು ತಗೊಂಡಿದ್ರು."

"ಅಯ್ಯ ಶಿವನೇ! ಆವಾಗ ಹತ್ರ ಯಾರಿದ್ರವಾ?"

"ನಾನೇ ಇದ್ದೆ. ಒಳಗಿರಾಕಿ ನಾನು ಅಂತ ಗೊತ್ತಿದ್ರೂ, ಮಗಳ ಕೈ ಅಂತ ಗಟ್ಟಿಯಾಗಿ ಹಿಡಕೊಂಡಿದ್ರು. ಕಡೀತನಕ ನಾ ಬಿಡಿಸ್ಕೊಳ್ಳಲಿಲ್ಲ."

ನೀಲವ್ವ ಹಿಟ್ಟು ಮೆತ್ತಿದ ಮಗಳ ಕೈಯನ್ನೇ ಬಹಳ ಹೊತ್ತು ನೋಡಿದಳು.

"ಹಂಗಾರ ಆ ಹಿಡಿತ ಆಕಿ ಕೈಯಾಗ ಉಳದಿರ್ತದ," ಎಂದಳು.